ದೋಣಿ ಬಡಗಿ ಮುಚ್ಚಿದ ತೂತು

ಸೋರುವ ದೋಣಿಯನ್ನು ಯಾರ ಕೈಗೂ ಕೊಡುವ ಮನುಷ್ಯನಲ್ಲ ಈ ದೋಣಿ ಬಡಗಿ. ಗಿರಾಕಿ ಬಾಗಿಲಲ್ಲಿ ನಿಂತು ಕೂಗಾಡಿದರೂ ಅಷ್ಟೇ. ದೋಣಿಯೊಳಗೆ ನೀರು ತುಂಬಿಸಿ, ಇಡೀ ಹಗಲು ಕಾದು, ಹೊರಗೆ ಒಂದು ಹನಿಯೂ ಜಿನುಗುವುದಿಲ್ಲವೆಂದು ಖಾತ್ರಿಯಾದ ಮೇಲೆಯೇ ಕೊಟ್ಟು ಕಳಿಸುತ್ತಿದ್ದ. ನಲವತ್ತು ವರ್ಷ ಹೀಗೇ ನಡೆಯಿತು. ಆಮೇಲೆ ಕಾರ್ಖಾನೆಗಳ ಕೊಳಕು ಊರ ಕೆರೆಗೆ ಇಳಿಯಿತು, ನೊರೆ ಎದ್ದಿತು, ಮೀನುಗಳು ಸತ್ತು ತೇಲಿದವು. ಅಂದಿನಿಂದ ಅವನು ಶಾಲೆಯ ಬೆಂಚು, ಕುರ್ಚಿ ರಿಪೇರಿ ಮಾಡಿಕೊಂಡಿದ್ದಾನೆ. ಆದರೂ ಹಿತ್ತಲಲ್ಲಿ ಒಂದು ಹಳೇ ದೋಣಿ ಉಳಿಸಿಕೊಂಡಿದ್ದ. ಕೆರೆ ಸರಿಹೋದ ದಿನ ಒಂದಾದರೂ ಬೇಕಲ್ಲ ಎನ್ನುವುದು ಅವನ ವಾದ. ಹೆಂಡತಿ ಅದರಲ್ಲಿ ಸೌದೆ ಒಟ್ಟಿದ್ದಳು.

ಆ ದೋಣಿಯನ್ನು ಕೇಳಿಕೊಂಡು ಬಂದವಳು ಒಬ್ಬ ಕಲಾವಿದೆ, ಮೊಮ್ಮಗಳ ವಯಸ್ಸಿನವಳು. ಸತ್ತ ಕೆರೆಯ ಬಗ್ಗೆ ಪ್ರದರ್ಶನ ಮಾಡುತ್ತಿದ್ದೇನೆ, ದೊಡ್ಡ ಹಾಲ್‌ನ ನಡುವೆ ಇದನ್ನಿಡುತ್ತೇನೆ, ಊರೆಲ್ಲ ನೋಡಬೇಕು ಎಂದಳು. ಇವನ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ. ಅಡಿಯ ಹಲಗೆಯಲ್ಲಿ ಮುಷ್ಟಿ ತೂರುವಷ್ಟು ತೂತಿತ್ತು. ಅಂಥ ದೋಣಿ ಊರ ಮುಂದೆ ನಿಂತರೆ ಮಾನ ಯಾರದು ಹೋಗುತ್ತದೆ ಹೇಳಿ? ದೋಣಿ ಒಯ್ಯುವ ಲಾರಿ ಬರುವ ಮೊದಲು ನಾಲ್ಕು ದಿನ ಜಪ್ಪಯ್ಯ ಅಂದರೂ ಅದರ ಪಕ್ಕದಿಂದ ಏಳಲಿಲ್ಲ. ಕೊಳೆತ ಹಲಗೆ ಕಿತ್ತು ಹೊಸದು ಕೂಡಿಸಿದ, ಸಂದುಗಳಿಗೆ ಹತ್ತಿ ಗಿಡಿದ, ರಾಳ ಬಳಿದ, ನೀರು ತುಂಬಿಸಿ ಕಾದ. ಈ ಉಪಚಾರದಲ್ಲಿ ಅರ್ಧ ನನಗೆ ಮಾಡಿದ್ದರೆ ಮಂಡಿನೋವು ಎಂದೋ ಹೋಗುತ್ತಿತ್ತು ಎಂದು ಹೆಂಡತಿ ಛೇಡಿಸಿದಳು. ಅವನಿಗೆ ಕೇಳಿಸಿದರೆ ತಾನೆ! ಎಷ್ಟೋ ವರ್ಷಗಳ ಮೇಲೆ ಸಿಳ್ಳೆ ಹಾಕುತ್ತ ಕೆಲಸ ಮಾಡಿದ.

ದೋಣಿಯ ಜೊತೆ ಅವನೂ ಹಾಲ್‌ಗೆ ಹೋದ. ಟಾರ್ಪಾಲಿನ್ ಸರಿಸಿದ ಕಲಾವಿದೆ ಬಗ್ಗಿ ಹೊಸ ಹಲಗೆಯ ಮೇಲೆ ಕೈಯಾಡಿಸಿದಳು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ಅಜ್ಜ, ಆ ತೂತು ನೋಡೇ ನಾನಿದನ್ನ ಕೇಳಿದ್ದು," ಎಂದಳು ಮೆಲ್ಲಗೆ. "ಕೆರೆ ಇನ್ನಿಲ್ಲ ಅನ್ನೋದು ಅದರಲ್ಲೇ ಕಾಣ್ತಿತ್ತು."

ಪರವಾಗಿಲ್ಲ, ಹೀಗೇ ಇರಲಿ ಎಂದೂ ಅವಳೇ ಹೇಳಿದಳು. ಕಣ್ಣು ಮಾತ್ರ ಒದ್ದೆಯಾಗಿತ್ತು. ಅವನು ಸುತ್ತ ನೋಡಿದ. ಗೋಡೆಯುದ್ದಕ್ಕೂ ಗಾಜಿನ ಜಾಡಿಗಳಿದ್ದವು, ವರ್ಷಕ್ಕೊಂದರಂತೆ ಕೆರೆಯ ನೀರು ತುಂಬಿದವು. ಒಂದೊಂದರ ಹಿಂದೆಯೂ ಬೆರಳಿಟ್ಟು ನೋಡುತ್ತ ಹೋದ. ಮೊದಲನೆಯದರಲ್ಲಿ ಬೆರಳು ಮಸುಕಾಗಿ ಕಂಡಿತು. ಈ ವರ್ಷದ್ದರಲ್ಲಿ ಕಾಣಲೇ ಇಲ್ಲ. ಜಾಡಿ ತಿರುಗಿಸಿ ಮತ್ತೆ ಬೆರಳಿಟ್ಟ, ಆಗಲೂ ಇಲ್ಲ.

"ಬೇರೆಯವರ ಕೈ ಹಾಕಿಸ್ಬೇಡ ತಾಯಿ," ಎಂದ ಕೊನೆಗೆ. "ಆ ಹಲಗೆ ನಾನೇ ತೆಗೀತೀನಿ."

ಉಳಿ, ಸುತ್ತಿಗೆ ತರಿಸಿ ಮಂಡಿಯೂರಿದ. ಅಯ್ಯೋ, ಆ ಹಲಗೆ ಸುಲಭಕ್ಕೆ ಬರಬೇಕಲ್ಲ! ಅಷ್ಟು ಗಟ್ಟಿಯಾಗಿ ಕೂಡಿಸಿದ್ದ ಪುಣ್ಯಾತ್ಮ. ಕಿತ್ತು ಮುಗಿಸುವುದಕ್ಕೆ ಒಂದು ಗಂಟೆ ಹಿಡಿಯಿತು. ಜೀವಮಾನದಲ್ಲಿ ಅವನು ದೋಣಿಗೆ ತೂತು ಹಾಕಿದ್ದು ಅದೊಂದೇ ಸಲ.

ಮನೆಗೆ ಬಂದಾಗ, ನೋಡಿದವರು ಏನಂದರು ಎಂದು ಹೆಂಡತಿ ಕೇಳಿದಳು. ಅವನು ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲೇ ಕುಸಿದ.

"ಕೆರೆ ಹೋಯ್ತು ಕಣೇ," ಎಂದವನೇ ಗೊಳೋ ಎಂದು ಅತ್ತುಬಿಟ್ಟ.

ಅವಳಿಗೆ ಅದು ಎಂದೋ ಗೊತ್ತಿತ್ತು. ಹೇಳಲಿಲ್ಲ. ಪಕ್ಕದಲ್ಲಿ ಕೂತು, ಇವತ್ತೇ ಸುದ್ದಿ ಬಂತೇನೋ ಎಂಬಂತೆ ತಾನೂ ಅತ್ತಳು.