ಅತ್ತೆ ಆರಿಸಿದ ಬಳೆ

ಲಕ್ಷ್ಮೇಶ್ವರದ ಬಳೆಗಾರ್ತಿ ಹಸೀನಾಬಿಗೆ ಅಳಿಸುವ ಸಿನಿಮಾ ಕಂಡರೆ ಆಗುವುದಿಲ್ಲ. "ಅಳೋದು ಮನ್ಯಾಗ ಪುಕ್ಕಟ ಸಿಗತೈತಿ, ಅದಕ್ಯಾಕ ಟಿಕೀಟು?" ಎನ್ನುವವಳು ಆಕೆ. ಆದರೆ ಕಳ್ಳರ ಕಾಮಿಡಿ ಬಂತೆಂದರೆ ಬೇರೆ ಮಾತು. ಹೋದ ವರ್ಷ ಮೊಮ್ಮಗಳು ರುಹಿಯ ಜೊತೆ ಗದಗಿಗೆ ಹೋಗಿ, ಮೂವರು ಠಕ್ಕರ ಸಿನಿಮಾ ಒಂದನ್ನು ನೋಡಿ ಬಂದಳು. ಆಮೇಲೆ ಅದನ್ನೇ ರುಹಿಯ ಮೊಬೈಲಿನಲ್ಲಿ ಎಷ್ಟು ಸಲ ನೋಡಿದಳೋ ಆ ಅಲ್ಲಾಹನಿಗೇ ಗೊತ್ತು.

ಅದರಲ್ಲಿ ಒಬ್ಬ ಠಕ್ಕ ಕದ್ದ ಬಂಗಾರದ ಚೀಲ ಹಿಡಿದು ಬಸ್ ಸ್ಟ್ಯಾಂಡಿಗೆ ಬರುತ್ತಾನೆ. ಎದುರಿಗೇ ಪೊಲೀಸ. ಠಕ್ಕ ಓಡುವುದಿಲ್ಲ. ನೆಟ್ಟಗೆ ಪೊಲೀಸನ ಹತ್ತಿರವೇ ಹೋಗಿ, ಬೂಟಿನ ದಾರ ಕಟ್ಟಿಕೊಳ್ಳುತ್ತೇನೆ, ತುಸು ಹಿಡಿದಿರಿ ಎಂದು ಚೀಲವನ್ನು ಅವನ ಕೈಗೇ ಕೊಡುತ್ತಾನೆ. ಪಾಪ, ಪೊಲೀಸ ಅದನ್ನು ತಾನೇ ಹೊತ್ತು ಅವನನ್ನು ಬಸ್ಸು ಹತ್ತಿಸಿ ಕೈ ಬೀಸುತ್ತಾನೆ. ಅಲ್ಲಿಗೆ ಬಂದಾಗೆಲ್ಲ ಹಸೀನಾಬಿ ಚಪ್ಪಾಳೆ ತಟ್ಟುತ್ತಾಳೆ.

ಗಂಡ ಮೌಲಾಸಾಬನಿಗೆ ಇದು ಸರಿಬರುವುದಿಲ್ಲ. "ಐದ ಹೊತ್ತು ನಮಾಜ ಮಾಡಾಕಿ, ಕಳ್ಳರಿಗೆ ಚಪ್ಪಾಳಿ ಬಡೀತಿಯಲ್ಲ!"

"ಕಳವಿಗಲ್ರಿ, ಮಾತಿಗೆ. ಅಂವ ಮಾತಾಡಿದ ಕೂಡಲೇ ಪೊಲೀಸ ಹೆಂಗ ಮೈಮರೀತಾನ ನೋಡ್ರಿ. ನಂದೂ ಅದ ಕಸಬು."

ಸುಳ್ಳಲ್ಲ. ಗಾಜಿನ ಬಳೆ ಇಡುವುದು ಅರ್ಧ ಕೈಯ ಕೆಲಸ, ಅರ್ಧ ಬಾಯಿಯದು. ಬಳೆ ಹೆಬ್ಬೆರಳಿನ ಗೆಣ್ಣು ದಾಟುವಾಗ ನೋವಾಗುತ್ತದೆ. ಸರಿಯಾಗಿ ಆ ಗಳಿಗೆಗೆ ಒಂದು ನಗೆಮಾತು ಬಿಟ್ಟರೆ ಕೈ ಸಡಿಲಾಗಿ, ನೋಡುವಷ್ಟರಲ್ಲಿ ಬಳೆ ಮಣಿಕಟ್ಟು ಸೇರಿರುತ್ತದೆ. ಸಡಿಲ ಬಳೆಯನ್ನು ಯಾರು ಬೇಕಾದರೂ ಇಟ್ಟಾರು, ಅಳತೆಗಿಂತ ಒಂದು ನೂಲು ಸಣ್ಣದನ್ನು ಏರಿಸಿದವಳೇ ಬಳೆಗಾರ್ತಿ ಎಂಬುದು ಹಸೀನಾಬಿಯ ಜಂಬ. ಮೂವತ್ತು ವರ್ಷದಲ್ಲಿ ಮದುಮಗಳ ಕೈಯಲ್ಲಿ ಆಕೆಯಿಂದ ಒಂದು ಬಳೆಯೂ ಒಡೆದಿರಲಿಲ್ಲ, ಜಂಬ ಪಟ್ಟರೆ ತಪ್ಪೇನು?

ಈ ಸಲ ಅಂತೂರ ಬೆಂತೂರದ ಫಕ್ಕೀರವ್ವನ ಮನೆಯಿಂದ ಕರೆ ಬಂತು. ಆಕೆಯ ಮಗಳು ಮಂಜುಳಾಳ ಮದುವೆ ಬಳೆ. ಹಿಂದೊಮ್ಮೆ ನಿಶ್ಚಯದ ದಿನ ದೀಪ ಆರಿದ್ದೇ ನೆಪವಾಗಿ ಆ ಹುಡುಗಿಗೆ ಗೊತ್ತುಮಾಡಿದ್ದ ಸಂಬಂಧ ಮುರಿದಿತ್ತು. ಅದಕ್ಕೇ ಫಕ್ಕೀರವ್ವ ಬಾಗಿಲಲ್ಲೇ ಹಸೀನಾಬಿಯ ಕೈ ಹಿಡಿದಳು.

"ಬೀಗತಿ ಮುಂಡರಗಿಯಿಂದ ಬಂದು ಒಳಗ ಕುಂತಾಳವ್ವಾ. ಮದವಿ ಬಳಿ ಒಂದು ಒಡದ್ರ ಮುಗೀತು, ಈ ಸಂಬಂಧಾನೂ ಹೋಕ್ಕೈತಿ."

"ನಾ ಬಂದೀನಲ್ಲ. ನೀ ಚಾ ಕಾಸ ಹೋಗು."

ಬೀಗತಿ ಶಿವಲಕ್ಷ್ಮಿ ಮದುಮಗಳಿಗೆ ಮೊಳಕಾಲು ತಾಗುವಷ್ಟು ಹತ್ತಿರ ಕುಳಿತಿದ್ದಳು. ದಪ್ಪ ಕನ್ನಡಕ, ಮಾತು ಕಡಿಮೆ. ಸುತ್ತಲೂ ಹೆಂಗಸರ ಹಾಡು. ಮಂಜುಳಾ ಅಂಜುತ್ತಲೇ ಕೈ ಚಾಚಿದಳು. ಹಸೀನಾಬಿ ಅದನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಠಕ್ಕರ ಕಥೆ ಶುರು ಮಾಡಿದಳು. ಕಥೆ ನಡೆದಂತೆ ಬಳೆಯೂ ಏರಿದವು. ಬಲಗೈ ಮುಗಿಯಿತು. ಎಡಗೈಗೆ ಹನ್ನೆರಡಾದವು, ಉಳಿದದ್ದು ಒಂದೇ.

"ಬಂಗಾರದ ಚೀಲ ಹಿಡಕೊಂಡು ಬಸ್ ಸ್ಟ್ಯಾಂಡಿಗೆ ಬಂದಾ. ನೋಡತಾನ, ಎದುರಿಗೆ ಪೊಲೀಸ!"

ಮಂಜುಳಾ ಕಿಸಕ್ಕನೆ ನಕ್ಕಳು. ನಗುವಾಗ ಕೈ ಜಗ್ಗಿದಳು. ಬಳೆ ಟಿಣ್ ಎಂದಿತು.

ಹಾಡಿನ ಗದ್ದಲದಲ್ಲಿ ಯಾರೂ ತಿರುಗಲಿಲ್ಲ. ಹಸೀನಾಬಿ ತನ್ನನ್ನೇ ಬೈದುಕೊಂಡಳು. ಒಂದು ನೂಲು ದೊಡ್ಡದು ತೆಗೆದಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು! ಆದರೆ ಆಕೆಯ ಕೈ ನಿಲ್ಲಲಿಲ್ಲ. ಒಂದು ಅಂಗೈ ಮಂಜುಳಾಳ ಕೈ ಮುಚ್ಚಿತು. ಇನ್ನೊಂದು ಕೈ ಬಳೆಯ ಸರವನ್ನು ಎತ್ತಿ ಶಿವಲಕ್ಷ್ಮಿಯ ಕೈಗೇ ಕೊಟ್ಟಿತು.

"ಕಡೀ ಬಳಿ ಅತ್ತಿ ಆರಿಸಿ ಕೊಡಬೇಕ್ರೀ ಅಕ್ಕಾರ. ಅತ್ತಿ ಆರಿಸಿದ ಬಳಿ ಸೊಸಿ ಕೈಯಾಗ ಭಾಳ ದಿನ ಬಾಳತೈತಿ. ಪದ್ಧತಿ ಐತ್ರಿ!"

ಅಂಥ ಪದ್ಧತಿ ಈ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ಆದರೂ ಮೂಲೆಯಲ್ಲಿದ್ದ ಮುದುಕಿಯೊಬ್ಬಳು, "ಹೌದ ಮತ್ತ, ನನಗೂ ನಮ್ಮತ್ತೀನ ಆರಿಸಿದ್ದಳು" ಎಂದು ತಲೆಯಾಡಿಸಿದಳು. ಎಲ್ಲರ ಕಣ್ಣೂ ಶಿವಲಕ್ಷ್ಮಿಯ ಬೆರಳಿನ ಮೇಲೆ ನಿಂತವು. ಅಷ್ಟರಲ್ಲಿ ಗಾಜಿನ ಚೂರು ಹಸೀನಾಬಿಯ ಸೆರಗು ಸೇರಿತು, ಮಂಜುಳಾಳ ಕೈಯ ಗೀರಿನ ಮೇಲೆ ಅರಿಶಿನ ಬಿತ್ತು. ಹಸೀನಾಬಿ ಸೆರಗಿನೊಳಗೇ ಬೆರಳಾಡಿಸಿ ಚೂರುಗಳನ್ನು ಜೋಡಿಸಿ ನೋಡಿದಳು. ಸುತ್ತು ಪೂರ್ತಿಯಾಗಲಿಲ್ಲ. ಒಂದು ತುಂಡು ಕಡಿಮೆ ಇತ್ತು, ಚಾಪೆಯ ಮೇಲೂ ಕಾಣಲಿಲ್ಲ.

ಶಿವಲಕ್ಷ್ಮಿ ಸಾವಕಾಶವಾಗಿ ಹುಡುಕಿ ಒಂದು ಬಳೆ ಕೊಟ್ಟಳು. ಅದು ಮಾತೇ ಇಲ್ಲದೆ ಏರಿತು. ಫಕ್ಕೀರವ್ವ ಆರತಿ ಬೆಳಗಿದಳು. ಮನೆಯ ಹೆಂಗಸರೆಲ್ಲ ಬಳೆ ಇಡಿಸಿಕೊಂಡು ಎದ್ದು ಹೋದ ಮೇಲೆ ಶಿವಲಕ್ಷ್ಮಿ ಬಂದು ಹಸೀನಾಬಿಯ ಎದುರಿಗೆ ಕುಳಿತಳು. ಎಡಗೈ ಮುಂದೆ ಚಾಚಿದಳು. ಆಮೇಲೆ ಬಲಗೈಯ ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಹಸಿರು ಗಾಜಿನ ತುಂಡು.

"ನನ್ನ ಉಡಿಯಾಗ ಬಂದು ಬಿತ್ರಿ," ಎಂದಳು ಮೆಲ್ಲಗೆ.

ಮೂವತ್ತು ವರ್ಷದಲ್ಲಿ ಮೊದಲ ಸಲ ಹಸೀನಾಬಿ ಕಥೆ ಕಟ್ಟಲು ಹೋಗಲಿಲ್ಲ. ತನ್ನ ಹೆಸರು ಮಣ್ಣಾದರೂ ಆಗಲಿ, ಆ ಹುಡುಗಿಯ ಸಂಬಂಧ ಉಳಿಯಲಿ ಎಂದು ನಿಜವನ್ನೇ ಹೇಳಿದಳು. "ತಪ್ಪು ನಂದ್ರೀ ಅಕ್ಕಾರ. ಬಿಗಿ ಬಳಿ ತಗದಾಕಿ ನಾನು. ಹುಡುಗೀದೇನೂ ಇಲ್ಲ."

"ಕಥಿ ಅರ್ಧಕ್ಕ ಬಿಟ್ರಿ," ಎಂದಳು ಶಿವಲಕ್ಷ್ಮಿ. "ಆ ಕಳ್ಳ ಚೀಲಾನ ಪೊಲೀಸನ ಕೈಯಾಗ ಕೊಡತಾನ, ಹೌದಿಲ್ಲೊ? ನಾನೂ ನೋಡೀನ್ರಿ. ಎರಡ ಸಲ."

ಗಾಜಿನ ತುಂಡನ್ನು ಹಸೀನಾಬಿಯ ಬಳೆ ಪೆಟ್ಟಿಗೆಯೊಳಗೆ ಹಾಕಿದಳು.

"ನಿಮ್ಮ ಪದ್ಧತಿ ಛಲೋ ಐತಿ. ಒಂದ ನೂಲು ದೊಡ್ಡದು ನೋಡೇ ಆರಿಸೀನಿ. ನನ್ನ ಸೊಸಿ ಕೈಗೆ ಇನ್ನ ನೋವಾಗೋದು ಬ್ಯಾಡ."

ಆಚೆ ಮಂಜುಳಾ ಚಹದ ತಟ್ಟೆ ಹಿಡಿದು ಬರುತ್ತಿದ್ದಳು. ಹನ್ನೆರಡು ಬಿಗಿ ಬಳೆಗಳ ಮುಂದೆ ಒಂದು ಬಳೆ ಮಾತ್ರ ಆರಾಮಾಗಿ ಆಡುತ್ತಿತ್ತು. ಹಸೀನಾಬಿಯ ಕಣ್ಣು ತುಂಬಿದವು, ಅದೂ ಅಳಿಸುವ ಸಿನಿಮಾ ನೋಡದ ಹೆಂಗಸಿನವು. ಆಕೆ ಶಿವಲಕ್ಷ್ಮಿಯ ಕೈ ಒತ್ತಿ ಅಳತೆ ನೋಡಿ, ಒಂದು ನೂಲು ದೊಡ್ಡ ಬಳೆ ತೆಗೆದಳು.

"ಹಂಗಾರ ಮುಂದಿನ ಕಥಿ ನೀವ ಹೇಳ್ರಿ," ಎಂದಳು.