ತೋಟದಲ್ಲಿ ಕಟ್ಟಿದ ಎರಡನೇ ಡಿಸ್ಕ್

ಲಕ್ವಾ ಹೊಡೆದು ಬಲಗೈ ಬಿದ್ದುಹೋದ ಮೇಲೆ ಅಣ್ಣ ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ. ಒಂದು ದಿನ ಅವನ ಹೆಂಡತಿ, ನಮ್ಮ ವೈನಿ, ಅಥಣಿಯಿಂದ ಫೋನ್ ಮಾಡಿದರು. "ನಿಮ್ಮಣ್ಣ ಆ ಕೋಟೆ ಆಟ ಬೇಕಂತಾರ. ಬಂದ್ ಹಚ್ಚಿಕೊಡ್ರಿ."

ಹಿಂದೆ ನಾವಿಬ್ಬರೂ ಒಂದೇ ಕುರ್ಚಿಯಲ್ಲಿ ಕೂತು ಆಡಿದ ಕಂಪ್ಯೂಟರ್ ಆಟ ಅದು, ಎರಡು ಡಿಸ್ಕಿನದು. ಕೊನೆಯ ಕೋಟೆ ಗೆಲ್ಲುವ ಮೊದಲೇ ಕಂಪ್ಯೂಟರ್ ಕೆಟ್ಟಿತ್ತು. ಅದೊಂದನ್ನು ಗೆಲ್ಲಬೇಕೆಂಬುದು ಅಣ್ಣನ ಆಸೆ.

ನಿಪ್ಪಾಣಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಯೇ ಹೊಟ್ಟೆ ಹೊರೆಯುವ ನನಗೆ ಇದೇನು ಮಹಾ ಎಂದುಕೊಂಡೆ. ಅಣ್ಣನ ಮನೆಯ ಲ್ಯಾಪ್‌ಟಾಪಿಗೆ ಡಿಸ್ಕ್ ಹಾಕುವ ಜಾಗವೇ ಇಲ್ಲ. ಹೊರಗಿನ ಡ್ರೈವ್ ಒಯ್ದೆ. ಹೊಸ ಸಿಸ್ಟಮ್ ಹಳೆಯ ಆಟವನ್ನು ಹತ್ತಿರ ಸೇರಿಸಲಿಲ್ಲ. ಅದರೊಳಗೇ ಇನ್ನೊಂದು ಹಳೆಯ ಸಿಸ್ಟಮ್ ಕೂರಿಸಿದೆ; ಬಣ್ಣ ಕೆಟ್ಟಿತು, ದನಿ ಹೋಯಿತು. ನಾಲ್ಕು ದಿನ ತಲೆ ಚಿಟ್ಟುಹಿಡಿದ ಮೇಲೆ ಆಟ ಶುರುವಾಯಿತು.

ಅಣ್ಣ ಎಡಗೈಯಲ್ಲಿ ಮೌಸ್ ಹಿಡಿದ. ಎದ್ದು ಕೂತು ಉಣ್ಣತೊಡಗಿದ. ತಿಂಗಳ ನಂತರ ಕೊನೆಯ ಕೋಟೆಯ ಬಾಗಿಲಿಗೆ ಬಂದಾಗ ಆಟ ಎರಡನೇ ಡಿಸ್ಕ್ ಕೇಳಿತು. ಆಟದ ಡಬ್ಬಿಯಲ್ಲಿ ಅದಿರಲಿಲ್ಲ. ಅವತ್ತು ಪಕ್ಕದಲ್ಲೇ ಕೂತಿದ್ದ ನನ್ನ ಮುಖವನ್ನು ಅಣ್ಣ ನೋಡಿದ.

ಎಲ್ಲಿದೆಯೆಂದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಅಷ್ಟು ದೂರ ಅವನು ಆಡಲಾರ ಎಂದು ಎಣಿಸಿದ್ದೆ. ಆ ಎಣಿಕೆಗೆ ಈಗಲೂ ನಾಚಿಕೆಯಾಗುತ್ತದೆ.

ದ್ರಾಕ್ಷಿಗೆ ಹಕ್ಕಿ ಬರದಂತೆ ನಮ್ಮಲ್ಲಿ ಹಳೆಯ ಡಿಸ್ಕುಗಳನ್ನು ತಂತಿಗೆ ತೂಗುಬಿಡುತ್ತಾರೆ. ಹೊಲ ಪಾಲಾದ ವರ್ಷ, ಅಣ್ಣನ ಮೇಲಿನ ಸಿಟ್ಟಿಗೆ, ಇದನ್ನೂ ನನ್ನ ಪಾಲಿನ ತೋಟದಲ್ಲಿ ಕಟ್ಟಿದ್ದೆ. ಅವನು ಕೇಳಿದಾಗ ಕಂಡೇ ಇಲ್ಲ ಎಂದು ಆಣೆ ಮಾಡಿದ್ದೆ.

ಇಂಟರ್‌ನೆಟ್ಟಿನಲ್ಲಿ ಜಾಲಾಡಿದರೂ ಅದರ ಪ್ರತಿ ಸಿಗಲಿಲ್ಲ. ಮರುದಿನ ತೋಟಕ್ಕೆ ಹೋಗಿ ಬಿಚ್ಚಿದೆ. ಬಿಸಿಲಿಗೆ ಹೊಳಪಿನ ಪದರ ಉಳ್ಳಾಗಡ್ಡಿ ಸಿಪ್ಪೆಯಂತೆ ಎದ್ದು, ಡಿಸ್ಕಿನ ಹಿಂದೆ ಹಿಡಿದ ಬೆರಳು ಕಾಣುತ್ತಿತ್ತು. ಆದರೂ ಒರೆಸಿ, ಅಣ್ಣನ ಎದುರಿಗೇ ಹಾಕಿದೆ. ಡ್ರೈವ್ ಎರಡು ಸಲ ಗುರುಗುಟ್ಟಿ ನಿಂತಿತು.

"ತಪ್ಪಾತೋ ಅಣ್ಣಾ. ನಾನ ಕಟ್ಟಿದ್ದೆ," ಎಂದೆ.

ಅವನು ಒಂದೊಂದೇ ಮಾತನ್ನು ಎಳೆದು ಎಳೆದು ಹೇಳಿದ. "ಗೊತ್ತಿತ್ತಲೇ. ಬದುವಿನ ಮ್ಯಾಲ ನಿಂತು ದಿನಾ ನೋಡ್ತಿದ್ದೆ. ಒಂದಿನ ನೀನ ಬಿಚ್ಚಿ ತರ್ತಿ ಅಂತ ಬಿಟ್ಟಿದ್ದೆ."

ಎಡಗೈಯಿಂದ ಲ್ಯಾಪ್‌ಟಾಪ್ ಮುಚ್ಚಿ ನನ್ನ ಕಡೆ ಸರಿಸಿದ. ವೈನಿ ತಂದಿಟ್ಟ ಗಂಜಿಯನ್ನು ಅವತ್ತು ಅವನು ಮುಟ್ಟಲಿಲ್ಲ.