ಕಾದಂಬರಿ ಓದಿ ಮನೆಗೆ ಬಂದವರು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಜಾಲಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದೆ. ಶಿಫ್ಟು ಮುಗಿಸಿ ಬಂದು ಪ್ರೇಮ ಕಾದಂಬರಿ ಬರೆಯುತ್ತಿದ್ದೆ. ಧಾರವಾಡದ ಕಡೆಯ ಈ ದಪ್ಪ ಮೀಸೆಯವನು ಇಂಥದ್ದನ್ನೆಲ್ಲ ಬರೆಯುತ್ತಾನಲ್ಲ ಎಂದು ಜೊತೆಯವರು ನಗುತ್ತಿದ್ದರು. ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಒಂದು ಕಾದಂಬರಿ ಪುಸ್ತಕವಾದಾಗ, ಪ್ರಚಾರಕ್ಕೆಂದು ಪ್ರಕಾಶಕರು ನನ್ನನ್ನು ಆರ್.ಟಿ. ನಗರದ ಒಂದು ಮಹಿಳಾ ಸಂಘಕ್ಕೆ ಕರೆದೊಯ್ದರು.

"ನಾಲ್ಕು ಮಾತಾಡಿ, ನಗ್ತಾ ಸಹಿ ಹಾಕಿ. ಪುಸ್ತಕ ತಾನಾಗೇ ಹೋಗತ್ತೆ" ಅಂದಿದ್ದರು.

ಪ್ರೀತಿಸಿದವರು ಯಾರಿಗೂ ಹೆದರಬಾರದು ಎಂದು ಮೈಕಿನಲ್ಲಿ ಗಟ್ಟಿಯಾಗಿ ಹೇಳಿದೆ. ಚಪ್ಪಾಳೆ ಬಿತ್ತು. ಸಹಿಗೆ ಬಂದ ಉದ್ದ ಜಡೆಯ ಹುಡುಗಿಯೊಬ್ಬಳು ನಿಮ್ಮ ಮನೆ ಎಲ್ಲಿ ಸಾರ್ ಎಂದಳು. ಉಬ್ಬಿಹೋಗಿ, ಯಾವ ಬಸ್ ಸ್ಟಾಪಿನಲ್ಲಿ ಇಳಿಯಬೇಕು ಎನ್ನುವುದನ್ನೂ ಹೇಳಿದೆ.

ಮುಂದಿನ ಭಾನುವಾರ ಬೆಳಿಗ್ಗೆ ಗಡ್ಡಕ್ಕೆ ಸೋಪು ಹಚ್ಚಿಕೊಂಡು ಕೂತಿದ್ದೆ. "ಏನ್ರೀ, ಯಾರೋ ಬಂದಾರ ನೋಡ್ರಿ. ಕೈಯಾಗ ಸೂಟ್‌ಕೇಸ್ ಐತಿ" ಎಂದಳು ಹೆಂಡತಿ.

ಬಾಗಿಲಲ್ಲಿ ಅದೇ ಹುಡುಗಿ. ಪಕ್ಕದಲ್ಲಿ ಬೆವರುತ್ತ ನಿಂತ ಯುವಕ, ಯಶವಂತಪುರದ ಗ್ಯಾರೇಜೊಂದರ ಮೆಕ್ಯಾನಿಕ್.

"ನಮಗೆ ಮದುವೆ ಮಾಡ್ಸಿ ಸಾರ್. ನಿಮ್ ಪುಸ್ತಕದಲ್ಲಿ ಆ ಮೇಷ್ಟ್ರು ಮಾಡಿಸ್ತಾರಲ್ಲ, ಹಾಗೇನೆ."

ಮುಖದ ಮೇಲೆ ಸೋಪು ಒಣಗುತ್ತಿತ್ತು. ನಾನು ಯಾರಿಗೂ ಮದುವೆ ಮಾಡಿಸಿದವನಲ್ಲ; ನನ್ನ ಮದುವೆಯನ್ನೂ ಅಪ್ಪನೇ ನೋಡಿ ಮಾಡಿದ್ದ. ಹೆಂಡತಿ ಇಬ್ಬರನ್ನೂ ಒಳಗೆ ಕೂರಿಸಿದಳು.

ಒಂದು ಗಂಟೆಯೊಳಗೆ ಊರಾಚೆಯ ಕೋಗಿಲು ಹಳ್ಳಿಯಿಂದ ಹುಡುಗಿಯ ಅಪ್ಪ ಬಂದ. ಗೆಳತಿಯೊಬ್ಬಳು ಬಾಯಿಬಿಟ್ಟಿದ್ದಳಂತೆ. ಹತ್ತು ಜನರನ್ನು ಕಟ್ಟಿಕೊಂಡು ಹೊಡೆಯಲು ಬರುತ್ತಾನೆಂದು ನಾನು ಅಂದುಕೊಂಡಿದ್ದರೆ, ಸೈಕಲ್ಲಿನಲ್ಲಿ ಒಬ್ಬನೇ ಬಂದಿದ್ದ.

"ಆ ಪುಸ್ತಕ ಬರ್ದೋರು ನೀವೇನಾ?"

ತಲೆಯಾಡಿಸಿದೆ.

"ನಂಗೆ ಓದಾಕೆ ಬರಾಕಿಲ್ಲ. ಸಾಯಂಕಾಲ ದ್ರಾಕ್ಷಿ ತೋಟದಲ್ಲಿ ಮಗ್ಳೇ ಓದಿ ಯೇಳ್ತಿದ್ಲು. ಮಗ್ಳು ಮನೆ ಬಿಟ್ಟೋದ್ಮೇಲೆ ಅಪ್ಪ ಎದೆಯೊಡೆದು ಸತ್ತೋಯ್ತಾನೆ ಅಂತ ಬರ್ದಿದ್ರಿ. ಅವತ್ತು ನಾವಿಬ್ರೂ ಅತ್ಬುಟ್ವಿ." ಟವೆಲಿನಿಂದ ಮುಖ ಒರೆಸಿಕೊಂಡ. "ಈಗ ಇವ್ಳೂ ಮನೆ ಬಿಟ್ಟು ಬಂದವ್ಳೆ. ನಾನು ಸತ್ತಿಲ್ವಲ್ಲ ಸ್ವಾಮಿ. ಮುಂದೆ ನಾನೇನ್ ಮಾಡ್ಬೇಕು ಯೇಳಿ."

ಪತ್ರಿಕೆಯವರು ಬೇಗ ಮುಗಿಸಿ ಎಂದು ಅವಸರ ಮಾಡಿದ್ದಕ್ಕೆ ಆ ಅಪ್ಪನನ್ನು ಒಂದೇ ಪ್ಯಾರಾದಲ್ಲಿ ಸಾಯಿಸಿದ್ದೆ. ಈಗ ಅವನೇ ಎದುರು ನಿಂತು ಕೇಳುತ್ತಿದ್ದಾನೆ ಅನಿಸಿತು.

ಹೆಂಡತಿ ಮುಂದೆ ಬಂದಳು. "ಸಾಯೂದ್ಯಾಕ್ರಿ ಅಣ್ಣಾರ? ಒಳಗ ಬರ್ರಿ, ಮೊದಲ ಒಂದೀಟು ಉಪ್ಪಿಟ್ಟು ತಿನ್ರಿ."

ಅಡುಗೆಮನೆಯಿಂದ ಹುಡುಗಿ ಓಡಿಬಂದು ಅಪ್ಪನ ತೋಳು ಹಿಡಿದಳು. "ನೀನು ಬ್ಯಾಡ ಅಂತೀಯ ಅಂದ್ಕೊಂಡೆ ಅಪ್ಪಾ."

"ಕೇಳಿದ್ಯಾ ನೀನು? ಒಂದ್ಸಲನಾದ್ರೂ ಕೇಳಿದ್ಯಾ?"

ಅವಳು ಕೇಳಿರಲಿಲ್ಲ. ನನ್ನ ಯಾವ ಕಾದಂಬರಿಯಲ್ಲೂ ಮಗಳು ಅಪ್ಪನನ್ನು ಕೇಳುವುದಿಲ್ಲ.

ಅಪ್ಪ ಯುವಕನ ಕಡೆ ತಿರುಗಿದ. "ಇಂಗೆ ಕದ್ದು ಓಡೋದಲ್ಲ ಕಣಪ್ಪ. ನಿಮ್ಮಪ್ಪ ಅಮ್ಮನ್ನ ಮನೆಗೆ ಕರ್ಕೊಂಡು ಬಾ." ಉಪ್ಪಿಟ್ಟು ತಿಂದು, ಮಗಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋದ.

ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ಕೋಗಿಲಿನ ಅವರ ಮನೆಯ ಮುಂದೆಯೇ ಚಪ್ಪರ ಹಾಕಿ ಮದುವೆ ಮಾಡಿದರು. ನಾವಿಬ್ಬರೂ ಹೋಗಿದ್ದೆವು. ಧಾರೆ ಎರೆಯುವಾಗ ಅಪ್ಪ ಮಗಳ ಮುಖವನ್ನೇ ನೋಡುತ್ತಿದ್ದು, ನೀರು ಹೊರಗೆಲ್ಲ ಚೆಲ್ಲಿತು.

ಸುದ್ದಿ ಕೇಳಿದ ಪ್ರಕಾಶಕರಿಗೆ ಹಿಗ್ಗೋ ಹಿಗ್ಗು. "ನಿಜಪ್ರೇಮಿಗಳನ್ನು ಒಂದುಗೂಡಿಸಿದ ಲೇಖಕ ಅಂತ ಮುಂದಿನ ಮುದ್ರಣದಲ್ಲಿ ಹಾಕೋಣ ಕಣ್ರೀ!"

ಬೇಡವೆಂದೆ. ಅವರು ಮುನಿಸಿಕೊಂಡು ಬಹಳ ಕಾಲ ಯಾವ ಸಭೆಗೂ ಕರೆಯಲಿಲ್ಲ. ಬರೆಯಲು ಕೂತರೆ 'ಮುಂದೆ ನಾನೇನ್ ಮಾಡ್ಬೇಕು' ಎಂಬ ಆ ಅಪ್ಪನ ಮಾತೇ ಕೇಳಿಸಿ, ನನಗೂ ಕೆಲವು ತಿಂಗಳು ಒಂದು ಸಾಲೂ ಬರೆಯಲಾಗಲಿಲ್ಲ.